ಟ್ಯಾಕ್ಸಿಯ ಎರಡನೇ ಮೈ

ಜನವರಿ ೯

ಮಗಳೇ,

ಮೂರು ವರ್ಷ ಎರಡು ತಿಂಗಳಾದ ಮೇಲೆ ಅಪ್ಪನ ಅಕ್ಷರ ನೋಡಿ ಗಾಬರಿಯಾಗಬೇಡ. ಮನೆಯಲ್ಲಿ ಇಬ್ಬರೂ ಚೆನ್ನಾಗಿದ್ದೇವೆ. ನಾನು ರಾಜಿಗಾಗಿ ಬರೆಯುತ್ತಿಲ್ಲ, ಕೆಲಸವಿದ್ದು ಬರೆಯುತ್ತಿದ್ದೇನೆ. ವಾಹನ ತಪಾಸಣೆ ಇಲಾಖೆಯಲ್ಲಿ ನನಗೆ ಗೊತ್ತಿರುವ ಅಧಿಕಾರಿ ನೀನೊಬ್ಬಳೇ. ಇನ್ನೊಬ್ಬರು ಗೊತ್ತಿದ್ದಿದ್ದರೆ ಅವರಿಗೇ ಬರೆಯುತ್ತಿದ್ದೆ.

ವಿಷಯ ಇಷ್ಟು. ನೀನು ‘ಅನರ್ಹ’ ಅಂತ ಮುದ್ರೆ ಒತ್ತಿ ಕಳಿಸಿದ ನನ್ನ ಟ್ಯಾಕ್ಸಿ ಅಂದಿನಿಂದ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿದೆ. ಗುಜರಿಯವನು ಎರಡು ಸಲ ಬಂದು ಹಲ್ಲು ಕಿರಿದು ಹೋದ. ನಾನು ಕೊಡಲಿಲ್ಲ. ಈಗ ಅದಕ್ಕೊಂದು ದಾರಿ ಸಿಕ್ಕಿದೆ. ಕಿಟ್ ಕಾರು ಅಂತ ಬರುತ್ತದೆ. ನಿನಗೆ ಗೊತ್ತೇ ಇರುತ್ತದೆ, ಆದರೂ ಹೇಳುತ್ತೇನೆ, ನಿನ್ನಮ್ಮನಿಗೆ ಹೇಳಿ ಹೇಳಿ ಬಾಯಿಪಾಠವಾಗಿದೆ. ಹೊಸ ಚಾಸಿ, ಅಂದರೆ ಗಾಡಿಯ ಬೆನ್ನೆಲುಬು, ಮತ್ತೆ ಫೈಬರಿನ ಮೈ, ಇವು ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಬರುತ್ತವೆ. ಎಂಜಿನ್ನು, ಗೇರ್ ಬಾಕ್ಸು, ಸ್ಟೀರಿಂಗು, ಚಕ್ರ, ವೈರುಗಳನ್ನು ಒಂದು ಹಳೆಯ ಕಾರಿನಿಂದ ಬಿಚ್ಚಿ ನಾವೇ ಜೋಡಿಸಿಕೊಳ್ಳಬೇಕು. ಅವರ ಪುಸ್ತಕದಲ್ಲಿ ಆ ಹಳೆಯ ಕಾರಿಗೆ ‘ದಾನಿ’ ಅಂತ ಹೆಸರು. ಇಪ್ಪತ್ತೆರಡು ವರ್ಷ ಮೀಟರು ಹಾಕಿ ಓಡಿದ ನಮ್ಮ ಟ್ಯಾಕ್ಸಿ ಮುದಿವಯಸ್ಸಿನಲ್ಲಿ ದಾನಿಯಾಯಿತು ನೋಡು.

ಆ ದಿನದ ಮಾತು ಎತ್ತಬಾರದು ಅಂದುಕೊಂಡೇ ಕೂತೆ, ಆದರೆ ಪೆನ್ನು ನನ್ನ ಮಾತು ಕೇಳುತ್ತಿಲ್ಲ. ನಾನು ಬೇಕೆಂದೇ ನಿನ್ನ ಸಾಲಿನಲ್ಲಿ ಗಾಡಿ ನಿಲ್ಲಿಸಿದ್ದೆ. ಪಕ್ಕದ ಸಾಲು ಖಾಲಿ ಇತ್ತು. ಸ್ಟ್ಯಾಂಡಿನ ಆರು ಜನ ಡ್ರೈವರುಗಳಿಗೆ, “ನೋಡ್ತಾ ಇರಿ, ನನ್ನ ಮಗಳ ಕೈಯಿಂದಾನೇ ಮುದ್ರೆ ಹಾಕಿಸ್ಕೊಂಡು ಬರ್ತೀನಿ” ಅಂದಿದ್ದೆ. ಹಾಕಿಸಿಕೊಂಡೇ ಬಂದೆ. ಆರೂ ಜನ ನೋಡಿದರು.

ನನಗೀಗ ಅರವತ್ತೊಂದು. ಈ ಗಾಡಿ ಪಾಸಾಗಿ ರಸ್ತೆಗಿಳಿಯಬೇಕು, ಅದನ್ನು ನಾನೇ ಓಡಿಸಿಕೊಂಡು ಆ ಆರು ಜನರ ಮುಂದೆ ಸ್ಟ್ಯಾಂಡಿಗೆ ಹೋಗಬೇಕು. ಬೇರೆ ಆಸೆ ಇಲ್ಲ. ಮನೆಯಲ್ಲಿ ಕಟ್ಟಿದ ಕಾರನ್ನು ಏನೇನು ಪರೀಕ್ಷೆ ಮಾಡುತ್ತಾರೆ ಅಂತ ಪಟ್ಟಿ ಕಳಿಸು. ಒಂದನ್ನೂ ಬಿಡಬೇಡ.

ಅಪ್ಪ


ಜನವರಿ ೨೧

ಅಪ್ಪನಿಗೆ,

ನಿಮ್ಮ ಕಾಗದ ತಲುಪಿತು. ಕೇಳಿದ ಪಟ್ಟಿಯನ್ನು ಲಗತ್ತಿಸಿದ್ದೇನೆ, ಒಟ್ಟು ಎಂಬತ್ತೇಳು ಅಂಶಗಳು. ಬ್ರೇಕು, ಸ್ಟೀರಿಂಗು, ಚಾಸಿಯ ಬೆಸುಗೆ, ಸೀಟಿನ ಬೋಲ್ಟು ಇವುಗಳಲ್ಲಿ ಯಾವುದೇ ರಿಯಾಯಿತಿ ಇರುವುದಿಲ್ಲ. ಪಾಸಾಗುವ ತನಕ ಗಾಡಿಯನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ, ತಪಾಸಣೆಗೆ ಲಾರಿಯ ಮೇಲೆ ತರಬೇಕು. ಹಳೆಯ ಗಾಡಿಯಿಂದ ತೆಗೆದ ಪ್ರತಿಯೊಂದು ವೈರಿಗೂ ಬಿಚ್ಚುವ ಮೊದಲೇ ಗುರುತು ಕಟ್ಟಿಕೊಳ್ಳುವುದು ಒಳ್ಳೆಯದು. ಹೆಚ್ಚಿನವರು ಎಡವುವುದು ಅಲ್ಲೇ.

ಅಮ್ಮನ ಮಂಡಿನೋವು ಹೇಗಿದೆ ಎಂದು ತಿಳಿಸಿ.

ಮಗಳು


ಫೆಬ್ರವರಿ ೧೬

ಮಗಳೇ,

ಪಟ್ಟಿ ಶೆಡ್ಡಿನ ಗೋಡೆ ಹತ್ತಿದೆ. ಎಂಬತ್ತೇಳೂ. ಆದರೆ ನಾನು ನಿನಗೆ ಯಾವಾಗಿನಿಂದ ‘ನೀವು’ ಆದೆ? ನಿನ್ನ ಕಾಗದ ಓದಿ, ನೋಟೀಸೇ ಬಂತೇನೋ ಅಂತ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ. ನಿನ್ನಮ್ಮ ಬಿದ್ದು ಬಿದ್ದು ನಕ್ಕಳು. ಅವಳ ಮಂಡಿ ನಗುವಷ್ಟು ಚೆನ್ನಾಗಿದೆ.

ಗಾಡಿ ಬಿಚ್ಚುವ ಕೆಲಸ ಶುರುವಾಗಿದೆ. ಬಾಗಿಲು ನಾಲ್ಕೂ ಹೋದವು, ಬಾನೆಟ್ಟು ಹೋಯಿತು, ಮೊನ್ನೆ ಚೈನ್ ಪುಲ್ಲಿ ಕಟ್ಟಿ ಎಂಜಿನ್ನನ್ನು ಮೇಲೆತ್ತಿದೆ. ನೇತಾಡುತ್ತಿರುವ ಎಂಜಿನ್ ಹತ್ತಿರ ಯಾರನ್ನೂ ಬಿಡಬಾರದು ಅಂತ ನಾನು ಹೇಳುವಷ್ಟರಲ್ಲಿ ನಿನ್ನಮ್ಮ ಅದರ ಕೆಳಗೆ ಹಳೆ ಬೆಡ್‌ಶೀಟು ಹಾಸುತ್ತಿದ್ದಾಳೆ, ನೆಲಕ್ಕೆ ಎಣ್ಣೆ ಬೀಳುತ್ತದಂತೆ! ಇಬ್ಬರಿಗೂ ಒಂದು ಗಂಟೆ ಮಾತಿಲ್ಲ ಕತೆಯಿಲ್ಲ. ಆಮೇಲೆ ಎಂಜಿನ್ನು ತೊಳೆಯಲು ಅವಳೇ ಬಂದು ಕೂತಳು.

ವೈರಿನ ವಿಷಯದಲ್ಲಿ ನೀನು ನನ್ನನ್ನು ಹೆದರಿಸಬೇಡ. ನಿನ್ನಮ್ಮ ನಲವತ್ತು ವರ್ಷ ಹೊಲಿದವಳು. ಚಿಂದಿ ಬಟ್ಟೆಯಲ್ಲಿ ಬೆರಳುದ್ದದ ಪಟ್ಟಿಗಳನ್ನು ಕತ್ತರಿಸಿ, ಅಂಚು ಮಡಿಸಿ, ಪ್ರತಿಯೊಂದರ ಮೇಲೂ ನಂಬರು ಹೊಲಿದು ಕೊಟ್ಟಿದ್ದಾಳೆ. ಬಿಳಿ ಬಟ್ಟೆಯಾದರೆ ಎಡ, ಕೆಂಪಾದರೆ ಬಲ. ಒಟ್ಟು ನೂರ ನಲವತ್ತಮೂರು. ಹಿಂದಿನ ವೈರುಗಳಿಗೆ ಹಿಂದೆ ನಿಂತು ಕಟ್ಟಿದೆ, ಮುಂದಿನವಕ್ಕೆ ಬಾನೆಟ್ಟು ತೆಗೆದ ಜಾಗದಲ್ಲಿ ಎದುರು ನಿಂತು ಕಟ್ಟಿದೆ. ಒಂದೇ ಒಂದು ವೈರೂ ಬರಿಗತ್ತಿನಲ್ಲಿ ಇಲ್ಲ. ನಿಮ್ಮ ಇಲಾಖೆಯಲ್ಲಿ ಇಷ್ಟು ಚಂದದ ಕೆಲಸ ಯಾರಾದರೂ ನೋಡಿದ್ದರೆ ಹೇಳು.

ನಾಳೆ ಸೀಟು ಕೀಳುವುದು, ಕಾರ್ಪೆಟ್ಟು ಎತ್ತುವುದು.

ಅಪ್ಪ (ನೀನು)


ಮಾರ್ಚ್ ೧೧

ಪುಟ್ಟಾ,

ಇದನ್ನು ನಿಮ್ಮಪ್ಪನಿಗೆ ಹೇಳದೆ ಬರೆಯುತ್ತಿದ್ದೇನೆ. ಅವರು ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದಾರೆ, ಬರುವಷ್ಟರಲ್ಲಿ ಮುಗಿಸಬೇಕು.

ಹಿಂದಿನ ಸೀಟು ತೆಗೆದು ಕಾರ್ಪೆಟ್ಟು ಎತ್ತಿದಾಗ ಕೆಳಗೊಂದು ತಗಡು ಇತ್ತು. ನೆಲಕ್ಕೆ ತುಕ್ಕು ಹಿಡಿದಿದ್ದು ಕಾಣಬಾರದು ಅಂತ ಅವರೇ ಐದಾರು ವರ್ಷದ ಹಿಂದೆ ಕತ್ತರಿಸಿ ಕೂರಿಸಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ. ತಗಡು ಎತ್ತಿದರು. ನೆಲ ಜರಡಿಯಾಗಿತ್ತು. ಅದು ಅವರಿಗೆ ಗೊತ್ತಿದ್ದದ್ದೇ. ನೀನು ಹೇಳಿದರೂ ನಂಬದಿದ್ದದ್ದು ಅದರ ಅಡಿಯ ಚಾಸಿ. ಸ್ಕ್ರೂಡ್ರೈವರಿನಿಂದ ಸುಮ್ಮನೆ ಒತ್ತಿ ನೋಡಿದರು, ಅದು ಬಿಸ್ಕತ್ತಿಗೆ ಇಳಿದ ಹಾಗೆ ಹಿಡಿಯವರೆಗೂ ಇಳಿದುಹೋಯಿತು.

ನೀನು ಸ್ಕೂಲಿಗೆ ಹೋಗುವಾಗ ಕೂರುತ್ತಿದ್ದ ಮೂಲೆ, ಪುಟ್ಟಾ. ನಿನ್ನ ಜಾಗ.

ಶೆಡ್ಡಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ಊಟಕ್ಕೆ ಕರೆದರೆ ಬರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಆಗ ಅಂದರು, “ಇದರ ಮೇಲೆ ಜನರನ್ನ ಕೂರಿಸ್ಕೊಂಡು ಓಡಾಡಿದ್ನಲ್ಲೇ. ಮಕ್ಕಳನ್ನ ಕೂರಿಸ್ಕೊಂಡು. ಅವಳು ನಿಲ್ಲಿಸದೇ ಇದ್ದಿದ್ರೆ?” ಆಮೇಲೆ ಅತ್ತರು. ನಲವತ್ತು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ಎರಡು ಸಲ ನೋಡಿದ್ದೇನೆ, ಇನ್ನೊಂದು ಸಲ ನೀನು ವರ್ಗ ಮಾಡಿಸಿಕೊಂಡು ಆ ಊರಿಗೆ ಹೋದ ದಿನ. ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ನೀನು ಕೊಟ್ಟ ಅನರ್ಹದ ಚೀಟಿಯನ್ನು ಅವರು ಮುದುರಿ ಬೀದಿಗೆ ಎಸೆದಿದ್ದರಲ್ಲ, ನಾನು ಎತ್ತಿಕೊಂಡು ಬಂದು ಇಸ್ತ್ರಿ ಮಾಡಿ ಮಿಷನ್ನಿನ ಡ್ರಾಯರಿನಲ್ಲಿ ಇಟ್ಟಿದ್ದೆ. ನಿನ್ನೆ ಅವರೇ ಡ್ರಾಯರ್ ತೆಗೆದು ಅದನ್ನು ಹಿಡಿದುಕೊಂಡು ಕೂತಿದ್ದರು. ಅಲ್ಲಿದೆ ಅಂತ ಅವರಿಗೆ ಹೇಗೆ ಗೊತ್ತಾಯಿತೋ ಕಾಣೆ. ಮೂರು ವರ್ಷ ಗೊತ್ತಿದ್ದೂ ಸುಮ್ಮನಿದ್ದರು ಅಂತ ಕಾಣುತ್ತದೆ. ಇವರ ಜಂಬಕ್ಕೆ ನನ್ನ ಕತ್ತರಿಯೂ ಹರಿಯುವುದಿಲ್ಲ.

ಗೇಟಿನ ಸದ್ದಾಯಿತು.

ಅಮ್ಮ


ಏಪ್ರಿಲ್ ೩

ಅಪ್ಪಾ,

ಅಮ್ಮ ಬರೆದಿದ್ದಾಳೆ. ಅದು ನಿನಗೆ ಗೊತ್ತಿಲ್ಲ ಅಂತ ಅವಳು ಅಂದುಕೊಂಡಿದ್ದಾಳೆ, ಹಾಗೆಯೇ ಇರಲಿ.

ಆ ದಿನ ನಾನು ಎರಡು ತಪ್ಪು ಮಾಡಿದೆ. ಒಂದು ಇಲಾಖೆಗೆ ಮಾಡಿದ್ದು. ಹತ್ತಿರದ ಸಂಬಂಧಿಕರ ಗಾಡಿ ಬಂದರೆ ನಾವು ಪಕ್ಕಕ್ಕೆ ಸರಿದು ಬೇರೆಯವರಿಗೆ ಬಿಡಬೇಕು. ನಾನು ಸರಿಯಲಿಲ್ಲ. ಪಕ್ಕದ ಸಾಲಿನವರು ನಿನ್ನನ್ನು ಬಲ್ಲವರು, ನನ್ನ ಮುಖ ನೋಡಿ ಕಾರ್ಪೆಟ್ಟು ಎತ್ತದೇ, ಗಾಡಿಯ ಅಡಿ ನೋಡುವ ಗುಂಡಿಗೆ ಇಳಿಯದೇ, ನಗುತ್ತಾ ಪಾಸು ಮಾಡಿ ಕಳಿಸುತ್ತಿದ್ದರು. ನನಗೆ ಅದೇ ಹೆದರಿಕೆಯಾಯಿತು.

ಗುಂಡಿಗೆ ಇಳಿದು ಸುತ್ತಿಗೆಯಲ್ಲಿ ಚಾಸಿ ತಟ್ಟಿದೆ. ಮುಂದೆ ಠಣ್ ಅಂದಿತು, ನಡುವೆ ಠಣ್ ಅಂದಿತು. ಹಿಂದಿನ ಮೂಲೆಗೆ ಬಂದಾಗ ಧಪ್ ಅಂದಿತು, ಅಷ್ಟೇ. ಮತ್ತೆ ತಟ್ಟಿದೆ, ಕಿವಿ ತಪ್ಪಿರಲಿ ದೇವರೇ ಅಂದುಕೊಂಡು. ತಪ್ಪಿರಲಿಲ್ಲ. ನನಗೆ ಹತ್ತು ವರ್ಷವಿದ್ದಾಗ ನೀನು ನನ್ನನ್ನು ಇದೇ ಕಾರಿನ ಕೆಳಗೆ ಮಲಗಿಸಿ, ಒಂದು ಪುಟ್ಟ ಸುತ್ತಿಗೆ ಕೊಟ್ಟು, “ಕಿವಿಗೊಟ್ಟು ಕೇಳು, ಕಬ್ಬಿಣ ಸುಳ್ಳು ಹೇಳಲ್ಲ” ಅಂದಿದ್ದೆ. ಅದೇ ಸುತ್ತಿಗೆ ಅಪ್ಪಾ. ಇಲಾಖೆಯವರು ಕೊಟ್ಟದ್ದು ಪೆಟ್ಟಿಗೆಯಲ್ಲೇ ಇದೆ. ಈ ಕೆಲಸ ನನಗೆ ಕಲಿಸಿದವನು ನೀನು. ನೀನು ಕಲಿಸಿದ್ದನ್ನು ನಿನ್ನ ಗಾಡಿಗೆ ಮಾತ್ರ ಮರೆಯುವುದು ನನ್ನಿಂದಾಗಲಿಲ್ಲ.

ಎರಡನೆಯ ತಪ್ಪು ನಿನಗೆ ಮಾಡಿದ್ದು. ನಿನ್ನನ್ನು ಒಳಗೆ ಕರೆದು, ಕೂರಿಸಿ, ಹೇಳಬೇಕಿತ್ತು. ಗುಂಡಿಯೊಳಗಿಂದಲೇ ‘ಚಾಸಿ ಹೋಗಿದೆ, ಅನರ್ಹ’ ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. ಮೇಲೆ ಬಂದು ನಿನ್ನ ಮುಖ ನೋಡಿದರೆ ಹೇಳಲಾರೆ ಅನ್ನಿಸಿತು. ಮುದ್ರೆ ಒತ್ತಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಕೂಗಿದ್ದಕ್ಕೆ ಕೇಳುತ್ತೇನೆ.

ನಿನ್ನ ಮಗಳು


ಮೇ ೩೦

ಮಗಳೇ,

ನಿನ್ನ ಕಾಗದ ಬಂದು ಎರಡು ತಿಂಗಳಾಗುತ್ತಾ ಬಂತು. ಉತ್ತರ ಬರೆಯಲು ಬರಲಿಲ್ಲ, ಅದಕ್ಕೆ ಗಾಡಿ ಕಟ್ಟಿದೆ.

ಹೊಸ ಚಾಸಿಗೆ ನಾನೇ ಮೂರು ಕೋಟು ಬಣ್ಣ ಹೊಡೆದಿದ್ದೇನೆ. ಬಣ್ಣಕ್ಕೂ ಮೊದಲು ಈ ತುದಿಯಿಂದ ಆ ತುದಿಯವರೆಗೆ ಸುತ್ತಿಗೆಯಲ್ಲಿ ತಟ್ಟಿ ನೋಡಿದೆ. ದೇವಸ್ಥಾನದ ಗಂಟೆ ಹಾಗೆ ಕೇಳುತ್ತದೆ. ಗೇರ್ ಬಾಕ್ಸು ಕೂತಿತು, ಸ್ಟೀರಿಂಗು ಕೂತಿತು, ಬ್ರೇಕಿನ ಕೊಳವೆ ಅಷ್ಟೂ ಹೊಸತು. ಫೈಬರಿನ ಮೈ ಎರಡೇ ಬಾಗಿಲಿನದು, ತಗ್ಗು, ಕುಳ್ಳು. ಬಾಲ ಮಾತ್ರ ಎತ್ತಿಕೊಂಡಿದೆ. ನಿನ್ನಮ್ಮ ಅದನ್ನು ನೋಡಿ, “ಏನ್ರೀ ಇದು, ಕಪ್ಪೆ ಕೂತ ಹಾಗಿದೆ” ಅಂದಳು. ಬೀದಿಯಲ್ಲಿ ಈಗ ಅದಕ್ಕೆ ಕಪ್ಪೆ ಅಂತಲೇ ಹೆಸರು. ಇರಲಿ. ಸೀಟುಗಳನ್ನು ಅವಳೇ ಹೊಲಿದಿದ್ದಾಳೆ, ಕಡುಗೆಂಪು ರೆಕ್ಸಿನ್ನು, ಹೊಲಿಗೆಯ ಗೆರೆ ನೂಲು ಹಿಡಿದ ಹಾಗಿದೆ. ನನ್ನ ಬೆರಳು ದಪ್ಪ ಅಂತ ವೈರುಗಳನ್ನೂ ಅವಳೇ ಪಟ್ಟಿ ನೋಡಿ ನೋಡಿ ದೀಪಗಳಿಗೆ ಸೇರಿಸಿದಳು. ಅವಳು ಒಳಗೆ ಕೂತು ಸ್ವಿಚ್ಚು ಹಾಕಿದಳು, ನಾನು ಎದುರು ನಿಂತು ಕೂಗಿದೆ: ಎಡ, ಸರಿ! ಬಲ, ಸರಿ!

ಮೊನ್ನೆ ಬೆಳಿಗ್ಗೆ ಹತ್ತು ಗಂಟೆಗೆ ಎಂಜಿನ್ನು ಸ್ಟಾರ್ಟ್ ಮಾಡಿದೆ. ಮೂರನೆಯ ಸಲಕ್ಕೆ ಹಿಡಿಯಿತು. ಅದೇ ಸದ್ದು, ಇಪ್ಪತ್ತೆರಡು ವರ್ಷದ್ದು. ನಾವಿಬ್ಬರೂ ನಡುಬೀದಿಯಲ್ಲಿ ನಿಂತು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದೆವು, ನನಗೆ ಸ್ವಲ್ಪವೂ ನಾಚಿಕೆಯಾಗಲಿಲ್ಲ.

ಈಗ ಆ ಮಾತು. ತಗಡು ಹಾಕಿದವನು ನಾನು. ಕಾಣದ ಹಾಗೆ ಮುಚ್ಚಿ, ಮುಚ್ಚಿದ್ದನ್ನು ಮರೆತು, ಮೂರು ವರ್ಷ ನಿನ್ನ ಮೇಲೆ ಮುನಿಸಿಕೊಂಡು ಕೂತವನೂ ನಾನೇ. ನೀನು ಕೂಗಿದ್ದು ಸರಿಯಾಗಿತ್ತು. ಮೆಲ್ಲಗೆ ಹೇಳಿದ್ದರೆ ಜಗಳವಾಡಿ ಗಾಡಿ ತೆಗೆದುಕೊಂಡು ಹೋಗಿ ಮಾರನೇ ದಿನ ಮತ್ತೆ ಬಾಡಿಗೆಗೆ ಓಡಿಸುತ್ತಿದ್ದೆ, ನನ್ನ ಬುದ್ಧಿ ನನಗೆ ಗೊತ್ತು. ಆ ತುಕ್ಕು ಹಿಡಿದ ತುಂಡನ್ನು ಕತ್ತರಿಸಿ ಶೆಡ್ಡಿನಲ್ಲಿ ನಿನ್ನ ಪಟ್ಟಿಯ ಕೆಳಗೆ ನೇತುಹಾಕಿದ್ದೇನೆ.

ಇಲ್ಲಿನ ಇಲಾಖೆಯ ಅಂಗಳದಲ್ಲೇ ತಪಾಸಣೆ ಮಾಡಿಸಬಹುದು. ನಾನು ಮಾಡಿಸುವುದಿಲ್ಲ. ನೀನಿರುವ ಅಂಗಳಕ್ಕೇ ಲಾರಿಯ ಮೇಲೆ ಹೇರಿಸಿಕೊಂಡು ಬರುತ್ತೇನೆ.

ಅಪ್ಪ


ಜೂನ್ ೭

ಅಪ್ಪಾ,

ಜುಲೈ ಹದಿನಾಲ್ಕು, ಬೆಳಿಗ್ಗೆ ಹತ್ತೂವರೆ. ಈಗಲೇ ಹೇಳಿಬಿಡುತ್ತೇನೆ: ನೋಡುವವಳು ನಾನಲ್ಲ. ನೀನು ನನ್ನ ಅಪ್ಪ ಅಂತ ಬರೆದುಕೊಟ್ಟಾಗಿದೆ, ನಮ್ಮ ದೊಡ್ಡ ಸಾಹೇಬರು ನೋಡುತ್ತಾರೆ. ನಾನು ದೂರ ನಿಂತಿರುತ್ತೇನೆ. ನನ್ನ ಮುಖ ನೋಡಿ ಅವರು ಏನಾದರೂ ಬಿಡಲು ಹೊರಟರೆ ನಾನು ಬಿಡಗೊಡುವುದಿಲ್ಲ. ಆಮೇಲೆ ಮತ್ತೆ ಮೂರು ವರ್ಷ ಮುನಿಸಿಕೊಳ್ಳುವುದಾದರೆ ಬರಲೇಬೇಡ.

ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ಅಮ್ಮನಿಗೆ ಲಾರಿಯಲ್ಲಿ ಹೋಗಿಬರುವುದು ಒಂದೇ ದಿನದಲ್ಲಿ ಕಷ್ಟ.

ನಿನ್ನ ಮಗಳು


ಜೂನ್ ೧೫

ಮಗಳೇ,

ಬರುತ್ತೇವೆ. ಉಳಿಯುವುದಿಲ್ಲ, ಪಾಸು ಮಾಡಿಸಿಕೊಂಡು ಸಂಜೆಯೊಳಗೆ ಓಡಿಸಿಕೊಂಡೇ ವಾಪಸು. ಎಂಬತ್ತೇಳನ್ನೂ ಎರಡು ಸಲ ನೋಡಿದ್ದೇನೆ. ನಿನ್ನ ಸಾಹೇಬರಿಗೆ ಪೆನ್ನಿಗೆ ಶಾಯಿ ತುಂಬಿಸಿ ಇಟ್ಟುಕೊಳ್ಳಲು ಹೇಳು.

ಅಪ್ಪ


ಜುಲೈ ೨೫

ಮಗಳೇ,

ನೀನು ಅಲ್ಲೇ ಇದ್ದೆ, ಎಲ್ಲ ನೋಡಿದ್ದೀಯ. ಆದರೂ ಬರೆಯುತ್ತೇನೆ. ಬಂದಾಗಿನಿಂದ ಇದನ್ನು ಹನ್ನೊಂದು ಜನಕ್ಕೆ ಹೇಳಿದ್ದೇನೆ, ಹೇಳಿದಾಗಲೆಲ್ಲ ಸ್ವಲ್ಪ ಸ್ವಲ್ಪ ಬೆಳೆದಿದೆ. ನಿನಗೆ ಮಾತ್ರ ಅಳತೆಗೆ ಸರಿಯಾಗಿ ಬರೆಯುತ್ತೇನೆ.

ಸಾಹೇಬರು ಗುಂಡಿಗೆ ಇಳಿದರು. ಅವರು ಮೇಲೆ ಬಂದು, “ಯಜಮಾನ್ರೇ, ಈ ಬೆಸುಗೆ, ಈ ಬ್ರೇಕು, ಫ್ಯಾಕ್ಟರಿಯವರೂ ಇಷ್ಟು ನೀಟಾಗಿ ಮಾಡಲ್ಲ” ಅಂದರಲ್ಲ, ಆಗ ನಾನು ನಿನ್ನ ಕಡೆ ನೋಡಿದೆ. ನೀನು ಕೈಕಟ್ಟಿಕೊಂಡು ಗಾಡಿಯ ಮೂತಿಯ ಮುಂದೆ, ಗೆರೆಯ ಆಚೆ, ಕಲ್ಲಿನ ಹಾಗೆ ನಿಂತಿದ್ದೆ. ಕೊನೆಗೆ ಉಳಿದದ್ದು ದೀಪ. ನಿನ್ನಮ್ಮ ಒಳಗೆ ಕೂತು ಸ್ವಿಚ್ಚು ಹಾಕಿದಳು. ಸಾಹೇಬರು ಹಿಂದೆ ನಿಂತು ಎಡ, ಬಲ ಎರಡೂ ನೋಡಿ, ತೃಪ್ತಿಯಾಗಿ, ಪೆನ್ನಿನ ಮುಚ್ಚಳ ತೆಗೆದರು. ನಾನು ಮನಸ್ಸಿನಲ್ಲೇ ಸ್ಟ್ಯಾಂಡ್ ತಲುಪಿದ್ದೆ.

ಆಗ ನೀನು ಕೈ ಎತ್ತಿದೆ. “ಸರ್, ಒಂದ್ನಿಮಿಷ. ಮುಂದಿನ ಇಂಡಿಕೇಟರ್ ಅದಲುಬದಲಾಗಿದೆ. ಎಡಕ್ಕೆ ಹಾಕಿದ್ರೆ ಬಲಗಡೆದು ಹತ್ತುತ್ತೆ.”

ನಾನು ಬಂದು ಎದುರು ನಿಂತು, “ಎಲ್ಲಮ್ಮಾ, ಎಡ ಹಾಕಿದ್ದಾಳೆ, ಎಡ ಹತ್ತಿದೆ, ಸರಿಯಾಗೇ ಇದೆಯಲ್ಲ” ಅಂದೆ. ನೀನು ನನ್ನ ಎರಡೂ ಭುಜ ಹಿಡಿದು ಗಾಡಿಗೆ ಬೆನ್ನು ಮಾಡಿಸಿ, ಅದು ಮುಖ ಮಾಡಿದ ದಿಕ್ಕಿಗೇ ನನ್ನನ್ನೂ ತಿರುಗಿಸಿ ನಿಲ್ಲಿಸಿದೆ. ಮೂರು ವರ್ಷ ಎಂಟು ತಿಂಗಳ ಮೇಲೆ ನನ್ನ ಮಗಳ ಕೈ ನನ್ನ ಮೇಲೆ ಬಿತ್ತು. ಎಡ ಬಲ ಎಲ್ಲ ಆಮೇಲೆ.

ಅಷ್ಟರಲ್ಲಿ ನಿನ್ನಮ್ಮ ಕಿಟಕಿಯಿಂದ ತಲೆ ಹಾಕಿ, “ನೀವು ಎದುರು ನಿಂತು ನಿಮ್ಮ ಎಡ ಕಟ್ಟಿದ್ರಾ? ಅಯ್ಯೋ ಕರ್ಮವೇ! ನಲವತ್ತು ವರ್ಷದಿಂದ ಒಂದೇ ಲೆಕ್ಕ ನಂದು, ಎಡ ಅಂದ್ರೆ ತೊಟ್ಟವರ ಎಡ. ಹೊಲಿಯೋಳ ಎಡ ಅಲ್ಲ, ನೋಡೋರ ಎಡಾನೂ ಅಲ್ಲ” ಅಂದಳು. ನಾನು ಎದುರು ನಿಂತು ನನ್ನ ಎಡಕ್ಕೆ ಬಿಳಿ ಪಟ್ಟಿ ಕಟ್ಟಿದ್ದೆ, ಅವಳು ಅದನ್ನು ಗಾಡಿಯ ಎಡದ ದೀಪಕ್ಕೆ ಸೇರಿಸಿದ್ದಳು. ಪರೀಕ್ಷೆ ಮಾಡಿದಾಗಲೂ ನಾನು ಎದುರೇ ನಿಂತು ಸರಿ ಸರಿ ಅಂತ ಕೂಗಿದ್ದೆ. ನೂರ ನಲವತ್ತಮೂರು ಪಟ್ಟಿಯಲ್ಲಿ ನಮ್ಮಿಬ್ಬರ ಜಂಬ ಎರಡು ಪಟ್ಟಿಗೆ ಸಿಕ್ಕಿಬಿತ್ತು.

ಅದೂ ರಸ್ತೆಯಲ್ಲಿ ಏನು ಮಾಡುತ್ತಿತ್ತು ಅಂತ ನನಗೆ ಗೊತ್ತು. ನಾನು ಎಡಕ್ಕೆ ತಿರುಗುತ್ತೇನೆ, ಎದುರಿನವನು ಬಲಕ್ಕೆ ಅಂದುಕೊಳ್ಳುತ್ತಾನೆ. ಸಾಹೇಬರು ನಿನ್ನ ಮುಖ ನೋಡಿ, “ಸಣ್ಣದು, ಇಲ್ಲೇ ಸರಿಮಾಡಿಸಿ ಪಾಸ್ ಕೊಟ್ಬಿಡೋಣ ಬಿಡಮ್ಮ” ಅಂದರು. ನೀನು, “ನಿಯಮದಲ್ಲಿ ನಾಳೆ ಮರುತಪಾಸಣೆ ಅಂತಿದೆ ಸರ್” ಅಂದೆ. ನಾನು ಬೆನ್ನು ತಿರುಗಿಸಿಕೊಂಡೆ. ನನಗೆ ಸಿಟ್ಟು ಬಂತು ಅಂತ ನೀನು ಅಂದುಕೊಂಡೆಯಂತೆ, ನಿನ್ನಮ್ಮ ಹೇಳಿದಳು. ಸಿಟ್ಟಲ್ಲ ಮಗಳೇ. ಇವಳನ್ನು ಹೆತ್ತವನು ನಾನೇ ಅಂತ ಆ ಅಂಗಳದಲ್ಲಿ ಕೂಗಬೇಕು ಅನ್ನಿಸಿತು. ಕೂಗುವುದು ನಮ್ಮ ಮನೆತನಕ್ಕೆ ಹತ್ತಿದ್ದು, ಅದಕ್ಕೇ ಬಾಯಿ ಮುಚ್ಚಿಕೊಂಡೆ.

ಹೀಗೆ ಉಳಿಯುವುದಿಲ್ಲ ಅಂದವನು ನಿನ್ನ ಮನೆಯಲ್ಲಿ ಉಳಿದೆ. ನಿನ್ನ ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ವಾಷರ್ ಬದಲಾಯಿಸಿದ್ದೇನೆ. ಕಪಾಟಿನ ಮೇಲೆ ಆ ಪುಟ್ಟ ಸುತ್ತಿಗೆ ಇತ್ತು. ಹಿಡಿ ಹೊಸತು ಹಾಕಿಸಿದ್ದೀಯ. ಚೆನ್ನಾಗಿ ಕೂರಿಸಿದ್ದಾರೆ.

ಮಾರನೇ ದಿನ ಪಾಸಾದದ್ದು, ನಾವು ಕಪ್ಪೆಯನ್ನು ಓಡಿಸಿಕೊಂಡು ಬಂದದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದು ನಿನ್ನೆಯದು. ಸ್ಟ್ಯಾಂಡಿಗೆ ಹೋದೆ. ಆರು ಜನರಲ್ಲಿ ಐವರು ಇದ್ದರು, ಒಬ್ಬನ ಗಾಡಿ ಬಾಡಿಗೆಗೆ ಹೋಗಿತ್ತು. ಸುತ್ತ ನೆರೆದು, ಬಾಗಿಲು ತೆಗೆದು ಹಾಕಿ, ಸೀಟು ಒತ್ತಿ, ಹಾರನ್ ಹೊಡೆದು ಮುಗಿಸಿದ ಮೇಲೆ ಒಬ್ಬ ಕೇಳಿದ, “ಯಾರಣ್ಣ ಪಾಸ್ ಮಾಡಿದ್ದು? ಮಗಳೇನಾ?” ಅವನ ತುಟಿಯಂಚಿನಲ್ಲಿ ನಗು ಇತ್ತು. ಹಳೆಯದು ಅವನಿಗೂ ನೆನಪಿತ್ತು.

ಡ್ಯಾಶ್‌ಬೋರ್ಡಿನ ಕೆಳಗೆ ನಿನ್ನಮ್ಮ ಕಾಗದಪತ್ರಕ್ಕೆಂದು ಅದೇ ಕಡುಗೆಂಪು ರೆಕ್ಸಿನ್ನಿನಲ್ಲಿ ಒಂದು ಜೇಬು ಹೊಲಿದಿದ್ದಾಳೆ. ಅದರಿಂದ ನಾನು ಯೋಗ್ಯತಾ ಪತ್ರ ತೆಗೆಯಲಿಲ್ಲ. ಮಿಷನ್ನಿನ ಡ್ರಾಯರಿನಲ್ಲಿದ್ದ ಇಸ್ತ್ರಿ ಮಾಡಿದ ಚೀಟಿ ತೆಗೆದೆ. ಜುಲೈ ಹದಿನಾಲ್ಕರ ಚೀಟಿಯನ್ನೂ ತೆಗೆದೆ. ಅದರಲ್ಲಿ ‘ದೋಷ ಕಂಡವರು’ ಅನ್ನುವ ಜಾಗದಲ್ಲಿ ನಿನ್ನ ಸಹಿ ಇದೆ. ಎರಡನ್ನೂ ಬಾನೆಟ್ಟಿನ ಮೇಲೆ ಪಕ್ಕಪಕ್ಕ ಹರಡಿದೆ.

“ಪಾಸ್ ಮಾಡಿದ್ದು ಯಾರೋ ಸಾಹೇಬ್ರು” ಅಂದೆ. “ಫೇಲ್ ಮಾಡಿದ್ದು ನನ್ನ ಮಗಳು. ಎರಡು ಸಲ.”

ನಿನ್ನ ಅಪ್ಪ